ಬಾಕಿ ಬರುವತನಕ ಗಡ್ಡ

ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಇದರಲ್ಲಿ ನಡೆದದ್ದೆಷ್ಟು, ಹೇಳುತ್ತ ಹೇಳುತ್ತ ನಾನು ಸೇರಿಸಿದ್ದೆಷ್ಟು ಎಂದು ಈಗ ನನಗೇ ತಿಳಿಯುವುದಿಲ್ಲ. ಕಾಲೇಜಿನ ಗೆಳೆಯರಿಗೆ ಹೇಳಿದಾಗ ನಗು ಬರುವ ಭಾಗ ಉದ್ದವಾಗುತ್ತಿತ್ತು. ಮನೆಯಲ್ಲಿ ಹೇಳಿದಾಗ ಅವ್ವ ನಡುವೆ ಬಾಯಿ ಹಾಕಿ, ಹಾಗೆ ಆಗಿಯೇ ಇಲ್ಲ, ನೀನು ಅಲ್ಲಿ ಇರಲೇ ಇಲ್ಲ ಎನ್ನುತ್ತಿದ್ದಳು. ಇಸವಿ ಕೂಡ ಖಚಿತವಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿತ್ತು ಅಥವಾ ಎಂಬತ್ತು ಆಗಲೇ ಶುರುವಾಗಿತ್ತು. ನಾನು ಧಾರವಾಡದಲ್ಲಿ ಎಂ.ಎ. ಓದಿ ಬಂದು, ಮಾನ್ವಿಯಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ಪ್ರತಿ ಬೇಸಿಗೆಗೆ ಕೆಲಸ ಹೋಗುತ್ತಿತ್ತು, ಮಳೆಗಾಲಕ್ಕೆ ಮತ್ತೆ ಸಿಗುತ್ತಿತ್ತು. ಒಂದು ಕಡೆ ಕೂತು ಕಾಯುವುದು ನನ್ನಿಂದ ಆಗದ ಕೆಲಸ, ಆ ವರ್ಷವೆಲ್ಲ ನಾನು ಮಾಡಿದ್ದು ಮಾತ್ರ ಅದೇ.

ಕಾಯಬೇಕಾಗಿದ್ದದ್ದು ಕಾಕಾನ ಬಾಕಿಗಾಗಿ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಮದುವೆಯಾಗದವನು, ಮಸರಕಲ್ಲಿನ ನಮ್ಮ ಮನೆಯಲ್ಲೇ ಇದ್ದವನು. ನಮ್ಮದು ಕುರಿ ಕಾಯುವ ಮನೆತನ. ಹಾಳು ಬಾವಿಗೆ ಬಿದ್ದ ಮರಿಯೊಂದನ್ನು ಎತ್ತಲು ಇಳಿದಾಗ ಕಲ್ಲು ಜಾರಿ ಅವನ ಬಲಗಾಲು ಜಜ್ಜಿಹೋಗಿತ್ತು. ನಾಟಿ ಔಷಧ ಕಟ್ಟಿಕೊಂಡು ಕೂತದ್ದರಿಂದ ಕೊಳೆತು, ಕಡೆಗೆ ರಾಯಚೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ತನ್ನ ಪಾಲಿನ ಕುರಿಗಳನ್ನೆಲ್ಲ ಅವನೇ ಮಾರಿ, ಮನೆಯ ಛಾವಣಿ ಹೊದಿಸಲಿಕ್ಕೆ ಅಪ್ಪನ ಕೈಗೆ ಕೊಟ್ಟಿದ್ದ. ಹೀಗೆ ಕಾಲೂ ಇಲ್ಲದೆ ಕುರಿಯೂ ಇಲ್ಲದೆ, ಅಣ್ಣನ ಮನೆಯ ಕಟ್ಟೆಯ ಮೇಲೆ ಬಗಲಿನ ಕೋಲು ಒರಗಿಸಿಕೊಂಡು ಕೂತಿದ್ದ.

ಸರಕಾರದ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಬರೆದುಕೊಟ್ಟವನು ನಾನು. ಮಂಜೂರಾಯಿತು. ತಿಂಗಳಿಗೊಮ್ಮೆ ಪೋಸ್ಟಿನವನು ಮನಿಯಾರ್ಡರ್ ತರುತ್ತಿದ್ದ. ಆ ದಿನ ಕಾಕಾ ಅವ್ವನ ಕೈಗೆ ಏನಾದರೂ ಕೊಟ್ಟು ಆಮೇಲೆಯೇ ಊಟಕ್ಕೆ ಕೂರುತ್ತಿದ್ದ. ಕೆಲವು ತಿಂಗಳಾದ ಮೇಲೆ ದೇವದುರ್ಗದಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಕಾಕಾ ಮನೆಯಲ್ಲಿರಲಿಲ್ಲ, ಯಾರದೋ ಬಂಡಿ ಹತ್ತಿ ಹೊಲದ ಕಡೆ ಹೋಗಿದ್ದ. ಅಜ್ಜಿ ಇದ್ದಳು. ನಿಮ್ಮ ಮಗ ಏನು ಮಾಡುತ್ತಾನೆ ಎಂದು ಅವರು ಕೇಳಿದರು. ಪರ ಊರಿನ ಗಂಡಸಿನ ಮುಂದೆ ತನ್ನ ಮಗ ಸುಮ್ಮನೆ ಕೂತು ತಿನ್ನುತ್ತಾನೆ ಎಂದು ನಮ್ಮ ಕಡೆಯ ಯಾವ ಮುದುಕಿ ಹೇಳುತ್ತಾಳೆ?

"ನನ್ನ ಮಗ ಸುಮ್ಮ ಕುಂದರೋ ಪೈಕಿ ಅಲ್ರೀ ಯಪ್ಪಾ," ಅಂದಳಂತೆ. "ಕುರಿ ಕಾಯ್ತಾನ. ನೂರು ಕುರಿ ಕಾಯ್ತಾನ."

ಅಧಿಕಾರಿ ಮಜ್ಜಿಗೆ ಕುಡಿದು ಹೋದರು. ಮುಂದಿನ ತಿಂಗಳು ಪೋಸ್ಟಿನವನು ನಮ್ಮ ಮನೆ ದಾಟಿ ಹೋದ. ದುಡಿಯುವ ಶಕ್ತಿ ಇದೆ ಎಂಬ ಕಾರಣಕ್ಕೆ ಮಾಸಾಶನ ನಿಂತಿತ್ತು.

ನಾನು ರಾಯಚೂರಿಗೆ ಮೇಲ್ಮನವಿ ಹಾಕಿದೆ. ಅದರ ವಿಚಾರಣೆ ವರ್ಷಕ್ಕೂ ಮೀರಿ ಮುಂದೆ ಮುಂದೆ ಹೋಗಿ, ಕಡೆಗೆ ಒಂದು ದಿನ ಸಾಹೇಬರು ಕಾಕಾನನ್ನು ಹತ್ತಿರ ಕರೆದು ಧೋತರ ಎತ್ತಲು ಹೇಳಿದರು. ನೋಡಿದರು. ನಿಂತ ತಿಂಗಳಿನಿಂದ ಬಾಕಿ ಸಮೇತ ಕೊಡಬೇಕು ಎಂದು ಬರೆಸಿದರು. ಹೊರಗೆ ಬಂದಾಗ ನಾನು ಗೆದ್ದವನ ಹಾಗೆ ಚಹಾ ಕುಡಿಸಿದೆ. ಊರಿಗೆ ಬಂದು ಬಸ್ಸಿನಿಂದ ಇಳಿಯುವ ಮೊದಲು ಕಾಕಾ, ಬಾಕಿ ಎಷ್ಟಾಗುತ್ತದೆ ಎಂದು ಕೇಳಿದ. ನಾನು ಹೇಳಿದೆ. ಅವನು ಮನಸ್ಸಿನಲ್ಲೇ ಅದನ್ನು ಕುರಿಗಳಾಗಿ ಮಾಡಿಕೊಂಡ ಎಂದು ಅವನ ಬೆರಳುಗಳನ್ನು ನೋಡಿದರೆ ಗೊತ್ತಾಗುತ್ತಿತ್ತು.

ಅವನ ಲೆಕ್ಕ ಇಷ್ಟು. ಅರಕೇರಾದಲ್ಲಿ ಅವನ ಹಳೆಯ ಗೆಳೆಯನೊಬ್ಬನಿದ್ದ, ಕುರಿಗಾರ. ಚಿಕ್ಕವರಿದ್ದಾಗ ಇಬ್ಬರೂ ಜೊತೆಗೇ ಕುರಿ ಹೊಡೆದುಕೊಂಡು ಹೊಳೆ ದಾಟಿ ಹೋಗುತ್ತಿದ್ದರು. ಅವನು ತನ್ನ ಮಂದೆಯಲ್ಲಿ ಕೆಲವು ಒಳ್ಳೆಯ ಗಬ್ಬದ ಕುರಿಗಳನ್ನು ಕಾಕಾನಿಗೆಂದು ತೆಗೆದಿಟ್ಟಿದ್ದ. ಬಾಕಿ ಬಂದ ಕೂಡಲೇ ಕಾಕಾ ಕೊಳ್ಳಬೇಕು, ಕುರಿ ಗೆಳೆಯನ ಮಂದೆಯಲ್ಲೇ ಇರಬೇಕು, ಮರಿಗಳಲ್ಲಿ ಅರ್ಧ ಕಾಕಾನವು, ಅರ್ಧ ಕಾಯ್ದವನವು. ಇದಕ್ಕೆ ನಮ್ಮಲ್ಲಿ ಪಾಲಿಗೆ ಬಿಡುವುದು ಎನ್ನುತ್ತಾರೆ. ಕಾಲಿಲ್ಲದವನೂ ಹೀಗೆ ಕುರಿ ಉಳ್ಳವನಾಗಿ ಇರಬಹುದು. ಆದರೆ ಆ ಗೆಳೆಯ ಭತ್ತದ ಕೊಯ್ಲು ಮುಗಿದ ಮೇಲೆ ಮಾನ್ವಿಯ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕುರಿ ತರುಬಲು ಬರುತ್ತಿದ್ದ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸುವುದು, ಗೊಬ್ಬರಕ್ಕೆ ಬದಲಾಗಿ ಹೊಲದವರಿಂದ ಭತ್ತ ಪಡೆಯುವುದು. ಅದು ಮುಗಿದರೆ ಮಂದೆ ತುಂಗಭದ್ರೆ ದಾಟಿ ಆಂಧ್ರದ ಕಡೆ ಹೋಗಿಬಿಡುತ್ತಿತ್ತು. ಹೋಗುವ ಮುಂಚೆ ಖರ್ಚಿಗೆ ಕೆಲವು ಕುರಿ ಮಾರಲೇಬೇಕು. ಅಲ್ಲಿಯವರೆಗೆ ಕಾಯುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದು ಅವನು ಹೇಳಿದ್ದ.

ಆದೇಶ ರಾಯಚೂರಿನಿಂದ ದೇವದುರ್ಗಕ್ಕೆ ಬರಬೇಕು. ಎಷ್ಟು ದೂರ? ಬಸ್ಸು ಮಧ್ಯಾಹ್ನದೊಳಗೆ ಹೋಗಿ ಸಂಜೆಗೆ ತಿರುಗಿ ಬರುತ್ತದೆ. ಕಾಗದ ಮಾತ್ರ ಬರಲಿಲ್ಲ. ನಾನು ಮಾನ್ವಿಯಿಂದ ಸಿರವಾರಕ್ಕೆ ಬಂದು ಬಸ್ಸು ಬದಲಿಸಿ ದೇವದುರ್ಗಕ್ಕೆ ಹೋಗುತ್ತಿದ್ದೆ. ಕಚೇರಿಯ ಗುಮಾಸ್ತರು ತಲೆ ಎತ್ತದೆ ಬಂದಿಲ್ಲ ಎನ್ನುತ್ತಿದ್ದರು. ನಾನು ರಾಯಚೂರಿಗೆ ಹೋಗಿ ಕೇಳಿದರೆ ಕಳಿಸಿದ್ದೇವೆ ಎನ್ನುತ್ತಿದ್ದರು. ಎರಡೂ ನಿಜವಿರಬಹುದು ಎಂಬುದು ನನ್ನ ಓದಿಗೆ ಗೊತ್ತಿತ್ತು, ನನ್ನ ಕಾಲಿಗೆ ಗೊತ್ತಿರಲಿಲ್ಲ. ಬಸ್ ನಿಲ್ದಾಣಗಳಲ್ಲಿ ನಾನು ಕೂರುತ್ತಿರಲಿಲ್ಲ, ಅತ್ತಿಂದಿತ್ತ ತಿರುಗುತ್ತಿದ್ದೆ. ಒಬ್ಬ ಕಂಡಕ್ಟರ್ ನನ್ನನ್ನು ಟಿಕೆಟ್ ತಪಾಸಣೆಯವನು ಎಂದು ತಿಳಿದಿದ್ದ.

ಈ ನಡುವೆ ಕಾಕಾನ ಗಡ್ಡ ಬೆಳೆಯತೊಡಗಿತು. ಕ್ಷೌರಕ್ಕೆ ಬೇಜಾರು ಮಾಡಿಕೊಂಡಿದ್ದಾನೆ ಎಂದುಕೊಂಡೆ. ಅಜ್ಜಿ ಗುಟ್ಟು ಹೇಳಿದಳು. ಹೊಳೆ ದಂಡೆಯ ಗೂಗಲ್ ಎಂಬ ಊರಿನ ಅಲ್ಲಮಪ್ರಭು ದೇವರಿಗೆ ಅವನು ಹರಕೆ ಹೊತ್ತಿದ್ದ. ಬಾಕಿ ಕೈಗೆ ಬರುವತನಕ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ, ಬಂದ ಮೇಲೆ ಹೊಳೆಯ ದಂಡೆಗೆ ಹೋಗಿ ಗಡ್ಡ ಕೊಟ್ಟು, ಮಿಂದು, ದೇವರಿಗೆ ನಡೆದುಕೊಳ್ಳುತ್ತೇನೆ ಎಂದು.

ನಾನು ಅಂಥ ವಿಷಯಗಳನ್ನು ನಂಬುವವನಲ್ಲ, ಈಗಲೂ ಅಲ್ಲ. ನಿನ್ನ ಗಡ್ಡಕ್ಕೂ ಸರಕಾರದ ಖಜಾನೆಗೂ ಏನು ಸಂಬಂಧ ಎಂದು ಕೇಳಿದೆ. ಕಾಕಾ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ನಿನ್ನ ಅರ್ಜಿಗೂ ಖಜಾನಿಗೂ ಏನ್ ಸಂಬಂಧ ಅಂತ ನಾ ಕೇಳೀನೇನ್ಲೇ ತಮ್ಮಾ? ನೀ ಬರಿಯಾಕತ್ತಿ, ನಾ ಬಿಡಾಕತ್ತೀನಿ. ಯಾವುದರ ಒಂದು ಮುಟ್ಲಿ."

ಕಾಗದ ಕಡೆಗೂ ದೇವದುರ್ಗ ಮುಟ್ಟಿತು. ಒಟ್ಟಿಗೆ ಕೊಡುವ ಹಣವಾದ್ದರಿಂದ ಮನಿಯಾರ್ಡರ್‌ನಲ್ಲಿ ಬರುವುದಿಲ್ಲ, ಮನುಷ್ಯ ಖುದ್ದು ಬಂದು ಗುರುತು ತೋರಿಸಿ ತೆಗೆದುಕೊಳ್ಳಬೇಕು ಎಂದರು. ನಾನು, ಕಾಕಾ ಹೋದೆವು. ಅಂದು ನಾನು ಇದ್ದೆ ಎಂಬುದರಲ್ಲಿ ಅನುಮಾನವಿಲ್ಲ, ಅವ್ವನೂ ಒಪ್ಪುತ್ತಾಳೆ. ಗುಮಾಸ್ತರು ಕಡತ ಬಿಡಿಸಿ, ಮೊದಲ ಅರ್ಜಿಗೆ ಅಂಟಿಸಿದ್ದ ಫೋಟೋ ನೋಡಿದರು. ಅದರಲ್ಲಿ ಕಾಕಾ ನುಣ್ಣಗೆ ಕ್ಷೌರ ಮಾಡಿಸಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು, ಹೆದರಿದವನಂತೆ ಕೂತಿದ್ದ. ಎದುರಿಗೆ ನಿಂತವನ ಗಡ್ಡ ಎದೆ ಮುಟ್ಟುತ್ತಿತ್ತು.

"ಫೋಟೋದಾಗ ಇರೋ ಮನಷ್ಯಾ ಬ್ಯಾರೆ, ಇವ ಬ್ಯಾರೆ," ಅಂದರು.

"ಅವನಾ ನಾನ್ರೀ ಸಾಹೇಬ್ರ," ಅಂದ ಕಾಕಾ. "ಗಡ್ಡ ಬೆಳದದ. ಕಾಲೇನು ಬೆಳದಿಲ್ಲ ನೋಡ್ರಿ."

"ಫೋಟೋದಾಗ ಕಾಲ ಇಲ್ಲಲ್ಲೋ."

"ನನಗೂ ಇಲ್ರಿ."

ಪಕ್ಕದ ಮೇಜಿನವರು ನಕ್ಕರು. ಗುಮಾಸ್ತರೂ ನಕ್ಕರು ಎಂದು ನನ್ನ ನೆನಪು. ಅವರು ಕೆಟ್ಟವರಲ್ಲ. ಹಿಂದೆ ಯಾರೋ ಸತ್ತವನ ಹೆಸರಿನಲ್ಲಿ ಬೇರೆಯವನು ಬಂದು ಹಣ ಒಯ್ದು, ಅದರ ಪೆಟ್ಟು ಅವರ ಸಂಬಳಕ್ಕೆ ಬಿದ್ದಿತ್ತಂತೆ. ಅದನ್ನು ಹೇಳಿ, ಹೊರಗೆ ಬೇವಿನ ಮರದ ಕೆಳಗೆ ಕ್ಷೌರದವನಿದ್ದಾನೆ, ಈಗಲೇ ಮಾಡಿಸಿಕೊಂಡು ಬಾ, ಮುಖ ನೋಡಿ ಇವತ್ತೇ ಕೊಡುತ್ತೇನೆ ಎಂದರು.

ಮರ ಕಿಟಕಿಯಿಂದ ಕಾಣುತ್ತಿತ್ತು. ಕನ್ನಡಿ ತೂಗುಹಾಕಿಕೊಂಡು ಕ್ಷೌರದವನು ಕೆಲಸವಿಲ್ಲದೆ ಕೂತಿದ್ದ. ನಾನು ಕಾಕಾನ ತೋಳು ಹಿಡಿದು ಹೊರಗೆ ತಂದೆ. ಅವನು ಮರದ ತನಕ ಬಂದ, ನೆರಳಿನಲ್ಲಿ ನಿಂತ, ಕೂರಲಿಲ್ಲ. ಹಣ ಬರುವತನಕ ತೆಗೆಯುವುದಿಲ್ಲ ಎಂದು ಅವನು, ತೆಗೆಯುವತನಕ ಹಣವಿಲ್ಲ ಎಂದು ಅವರು. ಮಾನ್ವಿಯಲ್ಲಿ ಗೆಳೆಯನ ಮಂದೆ ಆಗಲೇ ಗದ್ದೆಗೆ ಇಳಿದಿತ್ತು, ನಾನೇ ನೋಡಿ ಬಂದಿದ್ದೆ. ದೇವರು ಆಗಲೇ ನಿನ್ನ ಮಾತು ನಡೆಸಿಕೊಟ್ಟಿದ್ದಾನೆ, ಆದೇಶ ಬಂದಿದೆ, ಹರಕೆ ಅಲ್ಲಿಗೆ ತೀರಿತು ಎಂದು ವಾದ ಮಾಡಿದೆ. ನಂಬದವನು ದೇವರ ಪರವಾಗಿ ವಕೀಲಿ ಮಾಡುತ್ತಿದ್ದೆ.

"ದೇವ್ರಿಗೆ ನಾ ಹುಕುಂ ಬೇಡಿಲ್ಲ," ಅಂದ. "ರೊಕ್ಕ ಬೇಡೀನಿ."

ಕ್ಷೌರದವನು ಅಷ್ಟರಲ್ಲಿ ಕತ್ತಿ ಮಸೆಯುತ್ತ, ಬೇಕಿದ್ದರೆ ಅರ್ಧ ತೆಗೆಯುತ್ತೇನೆ, ಸರಕಾರದ ಕಡೆ ಬೋಳು, ದೇವರ ಕಡೆ ಗಡ್ಡ ಎಂದ. ಕಾಕಾ ನಕ್ಕ. ನನಗೆ ನಗಲಾಗಲಿಲ್ಲ.

ಉಳಿದದ್ದು ಒಂದೇ ದಾರಿ. ಗಡ್ಡದ ಮುಖದ ಹೊಸ ಫೋಟೋ ತೆಗೆಸಿ, ಮೇಲ್ಮನವಿ ಕೇಳಿದ ರಾಯಚೂರಿನ ಸಾಹೇಬರಿಂದ, ನಾನು ಕಾಲು ನೋಡಿದ ಮನುಷ್ಯ ಇವನೇ ಎಂದು ಸಹಿ ಮಾಡಿಸಿ ತರುವುದು. ಎರಡೇ ದಿನದಲ್ಲಿ ಕಾಕಾನನ್ನು ರಾಯಚೂರಿಗೆ ಕರೆದುಕೊಂಡು ಹೋದೆ. ಸ್ಟುಡಿಯೋದವನು, ಸ್ವಾಮಿಗಳು ರುದ್ರಾಕ್ಷಿ ತಂದಿದ್ದರೆ ಇನ್ನೂ ಕಳೆ ಬರುತ್ತಿತ್ತು ಎಂದು ಛೇಡಿಸಿದ. ಸಾಹೇಬರು ಪ್ರವಾಸದಲ್ಲಿದ್ದರು. ಫೋಟೋ, ಅರ್ಜಿ ಕೊಟ್ಟು ಬಂದೆವು. ಮತ್ತೆ ಕಾಯುವುದು.

ಸಂಜೆ ಬಸ್ ನಿಲ್ದಾಣದಲ್ಲಿ ನಡೆದದ್ದನ್ನು ನಾನು ನೋಡಿದೆನೋ, ಕಾಕಾನ ಬಾಯಿಂದ ಕೇಳಿದೆನೋ ನಿರ್ಧರಿಸಲಾರೆ. ಬಸ್ಸು ಯಾವಾಗ ಎಂದು ವಿಚಾರಿಸಲು ನಾನು ಹೋಗಿದ್ದೆ. ಕಾಕಾ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದ. ಕಂಬಳಿ, ಗಡ್ಡ, ಕೋಲು, ಮಡಚಿದ ಧೋತರದ ಕೆಳಗೆ ಇಲ್ಲದ ಕಾಲು. ಹಾದುಹೋಗುತ್ತಿದ್ದ ಒಬ್ಬರು, ಬಿಳಿ ಅಂಗಿಯವರು, ರೈಸ್ ಮಿಲ್ಲಿನ ಸಾಹುಕಾರರಿರಬೇಕು, ನಡೆಯುತ್ತಲೇ ಅವನ ಮಡಿಲಿಗೆ ಒಂದು ನಾಣ್ಯ ಹಾಕಿದರು. ನನ್ನ ಕಣ್ಣಿಗೆ ಕಟ್ಟಿರುವ ಚಿತ್ರದಲ್ಲಿ ನಾನು ಟಿಕೆಟ್ ಕಿಟಕಿಯಿಂದ ತಿರುಗಿ ನೋಡುತ್ತಿದ್ದೇನೆ. ಆದರೆ ಅದೇ ಚಿತ್ರದಲ್ಲಿ ಕಾಕಾನ ಪಕ್ಕದಲ್ಲೂ ನಿಂತಿದ್ದೇನೆ. ಎರಡೂ ಕಡೆ ಇರಲು ಬರುವುದಿಲ್ಲ. ಮಾತು ಮಾತ್ರ ಎಲ್ಲ ಸಲವೂ ಒಂದೇ. ಕಾಕಾ ಕೂಗಿ ಕರೆದು, ನಾಣ್ಯ ಎತ್ತಿ ಹಿಡಿದು ಹೇಳಿದ:

"ಯಪ್ಪಾ, ನಿಮ್ಮ ರೊಕ್ಕ ಬಿದ್ದದ ನೋಡ್ರಿ."

ಅವರು ತಿರುಗಿ ಬಂದು ಇಸಕೊಂಡು ಹೋದರು. ಬಸ್ಸಿನಲ್ಲಿ ನಾನು ಗಡ್ಡದ ಮಾತು ಎತ್ತಲಿಲ್ಲ. ಅವನೇ ಎತ್ತಿದ. ಇಷ್ಟು ದಿನ ಬಿಟ್ಟದ್ದನ್ನು ಅವತ್ತು ಮರದ ಕೆಳಗೆ ತೆಗೆದಿದ್ದರೆ ಈ ಬಿಳಿ ಅಂಗಿಯವರು ಏನೂ ಹಾಕುತ್ತಿರಲಿಲ್ಲ, ಅಲ್ಲವೇ ಎಂದ. ಇರಬಹುದು ಎಂದೆ.

ಮುಂದಿನ ದಿನಗಳಲ್ಲಿ ನಾನು ಎರಡು ಕಡೆ ಓಡಾಡಿದೆ. ಕಾಲೇಜು ಮುಗಿಸಿ ಮಾನ್ವಿಯ ಗದ್ದೆಗೆ ಹೋಗಿ ಕುರಿಗಾರನಿಗೆ ಇನ್ನು ಸ್ವಲ್ಪ ಎನ್ನುವುದು, ರಜೆ ಹಾಕಿ ಕಚೇರಿಗೆ ಹೋಗಿ ಇನ್ನೆಷ್ಟು ಎನ್ನುವುದು. ಕುರಿಗಾರ ಕಡಿಮೆ ಮಾತಿನವನು. ತೆಗೆದಿಟ್ಟ ಕುರಿಗಳನ್ನು ಪ್ರತಿ ಸಲ ಕೋಲಿನಿಂದ ತೋರಿಸುತ್ತಿದ್ದ, ಅವು ಇನ್ನೂ ಇವೆ ಎಂಬುದಕ್ಕೆ. ಒಂದು ಸಂಜೆ ತೋರಿಸುವಾಗ, ಕಟುಕರವನೊಬ್ಬ ಬಂದು ಬೆಲೆ ಕಟ್ಟಿ ಹೋಗಿದ್ದಾನೆ, ನಾಡಿದ್ದು ಮತ್ತೆ ಬರುತ್ತಾನೆ, ಅಮಾವಾಸ್ಯೆ ಕಳೆದ ಮೇಲೆ ನಾವು ಹೊಳೆ ದಾಟುತ್ತೇವೆ ಎಂದ. ನನ್ನ ಉಳಿತಾಯದಿಂದ ಮುಂಗಡ ಕೊಡುತ್ತೇನೆ ಎಂದೆ. ಅವನು ತಲೆ ಅಲ್ಲಾಡಿಸಿದ. "ಅಂವ ಸಿಟ್ಟಾಗ್ತಾನ್ರಿ," ಅಂದ. "ತನ್ನ ರೊಕ್ಕದ್ಲೇ ತೊಗೊಂತೀನಿ ಅಂದಾನ."

ಆ ರಾತ್ರಿ ನಾನು ಮಲಗಲಿಲ್ಲ ಎಂದು ಬರೆಯುವುದು ಸುಲಭ. ಬಹುಶಃ ಮಲಗಿದೆ. ಮರುದಿನ ತರಗತಿಯಲ್ಲಿ ಏನು ಪಾಠ ಹೇಳಿದೆನೋ ನೆನಪಿಲ್ಲ. ಮಧ್ಯಾಹ್ನ ಕೋಣೆಗೆ ಬಂದು ಅಂಗಿ ಕಳಚಿ ಕೂತಿದ್ದೆ, ಬಾಗಿಲಿಗೆ ಕೋಲಿನ ಸದ್ದಾಯಿತು. ಕಾಕಾ. ಒಬ್ಬನೇ ಬಸ್ಸು ಹತ್ತಿ, ಸಿರವಾರದಲ್ಲಿ ಬದಲಿಸಿ ಬಂದಿದ್ದ. ಗಡ್ಡ ಹಾಗೇ ಇತ್ತು. ಹಣ ಸಿಗಲಿಲ್ಲ ಎಂದುಕೊಂಡೆ.

ಸಿಕ್ಕಿತ್ತು. ಹಿಂದಿನ ದಿನ ಪೋಸ್ಟಿನವನ ಕೈಲಿ ಗುಮಾಸ್ತರು ಹೇಳಿ ಕಳಿಸಿದ್ದರಂತೆ, ಸಹಿಯಾದ ಫೋಟೋ ಬಂದಿದೆ ಎಂದು. ಬೆಳಿಗ್ಗೆಯೇ ದೇವದುರ್ಗಕ್ಕೆ ಹೋಗಿ, ಹೊಸ ಫೋಟೋದ ಪಕ್ಕ ಮುಖ ಹಿಡಿದು ತೋರಿಸಿ, ಹೆಬ್ಬೆಟ್ಟು ಒತ್ತಿ ತೆಗೆದುಕೊಂಡಿದ್ದ. ಸೊಂಟಕ್ಕೆ ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡಿದ್ದ. ಅತ್ತ ಮಸರಕಲ್ಲಿನಲ್ಲಿ ಅಜ್ಜಿ ಗೂಗಲ್ಲಿಗೆ ಹೋಗಲು ಕಾಯಿ, ಕರ್ಪೂರ, ಸೀರೆ ಎಲ್ಲ ಕಟ್ಟಿಕೊಂಡು ಕೂತಿದ್ದಳು. ಅವನು ದೇವದುರ್ಗದಿಂದ ನೇರ ಅವಳ ಹತ್ತಿರ ಬಂದು ಹೊಳೆಗೆ ಹೋಗಬೇಕಿತ್ತು.

ಮೊದಲು ಗಡ್ಡ ಕೊಡಬೇಕಲ್ಲವೇ, ಇಷ್ಟು ತಿಂಗಳು ಅದಕ್ಕೇ ಅಲ್ಲವೇ ಹಟ ಹಿಡಿದದ್ದು ಎಂದು ಕೇಳಿದೆ. ಕಾಕಾ ನನ್ನ ಹೂಜಿಯಿಂದ ನೀರು ಕುಡಿದು ಗಡ್ಡ ಒರೆಸಿಕೊಂಡ.

"ದೇವ್ರು ಎಲ್ಲಿಗೂ ಹೋಗಂಗಿಲ್ಲ ತಮ್ಮಾ. ಕುರಿ ಹೋಗ್ತಾವ. ನಡಿ."

ಬಾಡಿಗೆಗೆ ಒಂದು ಬಂಡಿ ಹಿಡಿದು ಗದ್ದೆಗೆ ಹೋದೆವು. ಕಟುಕರವನು ಬಂದಿರಲಿಲ್ಲ. ಕುರಿಗಾರ ರಾತ್ರಿ ಕುರಿ ಕೂಡಿಹಾಕುವ ಬಲೆ ಸುತ್ತುತ್ತಿದ್ದ. ಕಾಕಾ ಬಂಡಿಯಿಂದ ಇಳಿಯದೆ, ತೆಗೆದಿಟ್ಟ ಕುರಿಗಳನ್ನು ಒಂದೊಂದಾಗಿ ಹತ್ತಿರ ತರಿಸಿ, ಹಲ್ಲು ನೋಡಿದ, ಹೊಟ್ಟೆ ಮುಟ್ಟಿದ. ಒಂದನ್ನು ಬೇಡ ಎಂದ, ಬೇರೊಂದನ್ನು ಆರಿಸಿದ. ಗೆಳೆಯರೆಂಬ ದಾಕ್ಷಿಣ್ಯ ಎರಡೂ ಕಡೆ ಇರಲಿಲ್ಲ, ಬೆಲೆಗೆ ಚೌಕಾಶಿ ನಡೆಯಿತು. ಅಷ್ಟು ದಿನಗಳಲ್ಲಿ ಮೊದಲ ಸಲ ನನಗೆ ಎಲ್ಲಿಗೂ ಓಡಬೇಕು ಅನ್ನಿಸಲಿಲ್ಲ.

ಕೊಂಡ ಕುರಿಗೆ ಕೊಂಡವರ ಗುರುತು ಹಾಕುವುದು ನಮ್ಮಲ್ಲಿ ವಾಡಿಕೆ. ಕಿವಿಯ ತುದಿಯನ್ನು ಮನೆತನಕ್ಕೊಂದು ರೀತಿ ಕತ್ತರಿಸುತ್ತಾರೆ, ಸಾವಿರ ಕುರಿಯ ನಡುವೆಯೂ ಯಾರದು ಎಂದು ತಿಳಿಯಲಿ ಎಂದು. ನಮ್ಮ ಮನೆಯದು ಬಲಗಿವಿಗೆ ಸೀಳು. ಕುರಿಗಾರ ಚೂರಿ ತೆಗೆದು, ಮನೆಯ ಗುರುತೇ ಹಾಕಲೇ ಎಂದು ಕೇಳಿದ. ಕಾಕಾ ಹತ್ತಿರದ ಕುರಿಯ ಎಡಗಿವಿ ಹಿಡಿದ.

"ಬ್ಯಾಡ. ಅದು ನಮ್ಮಣ್ಣಂದು. ನಂದು ಎಡಕ್ಕ ಹಾಕು."

ಆಮೇಲೆ ಗೂಗಲ್ಲಿಗೆ ಹೋದದ್ದು, ಹೊಳೆಯ ದಂಡೆಯಲ್ಲಿ ಗಡ್ಡ ಕೊಟ್ಟದ್ದು ಎಲ್ಲ ನಡೆಯಿತು, ಆದರೆ ಅಲ್ಲಿ ನಾನಿರಲಿಲ್ಲ. ಮಾಸಾಶನ ಮತ್ತೆ ತಿಂಗಳು ತಿಂಗಳು ಬರತೊಡಗಿತು. ಕಾಕಾ ಕಟ್ಟೆಯ ಮೇಲೆ ಕೂತೇ ಇದ್ದ. ಮಂದೆ ಮಳೆಗಾಲಕ್ಕೆ ತಿರುಗಿ ಬಂದಾಗ ಮಾತ್ರ ಬಂಡಿ ಮಾಡಿಸಿಕೊಂಡು ಅರಕೇರಾಕ್ಕೆ ಹೋಗಿ ನೋಡಿ ಬರುತ್ತಿದ್ದ. ಎಂಬತ್ತರ ದಶಕದ ನಡುವೆ ತೀರಿಕೊಂಡ.

ಕಿವಿಯ ಮಾತನ್ನು ಮನೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಅಪ್ಪ ಅದು ಸುಳ್ಳು ಎಂದು ಎದ್ದೇ ಹೋಗುತ್ತಿದ್ದ. ನಾವೇನು ಅವನನ್ನು ಬೇರೆ ಇಟ್ಟಿದ್ದೆವೇ, ಅವನು ಯಾಕೆ ಬೇರೆ ಗುರುತು ಹಾಕಿಸುತ್ತಾನೆ ಎಂದು ಅವ್ವ ಕೇಳುತ್ತಿದ್ದಳು. ಅವಳು ಹೇಳುವುದರಲ್ಲಿ ನ್ಯಾಯವಿತ್ತು. ಅವಳು ಒಂದು ದಿನವೂ ಅವನಿಗೆ ಊಟ ತಡಮಾಡಿದವಳಲ್ಲ. ಕೇಳಿ ಕೇಳಿ ನನಗೂ ಸಂಶಯ ಬಂತು. ಕಥೆಗೆ ಒಂದು ಕೊನೆ ಬೇಕೆಂದು ನಾನೇ ಆ ಮಾತನ್ನು ಕಾಕಾನ ಬಾಯಿಗೆ ತುರುಕಿರಬಹುದು.

ಎಂಬತ್ತರ ದಶಕದ ಕೊನೆಗೆ ಒಂದು ಮದುವೆಗೆ ಅರಕೇರಾಕ್ಕೆ ಹೋಗಿದ್ದೆ. ಕುರಿಗಾರನಿಗೆ ಕಣ್ಣು ಮಂಜಾಗಿತ್ತು, ಮಂದೆ ಅವನ ಮಗನ ಕೈಗೆ ಬಂದಿತ್ತು. ನಾನು ಏನನ್ನೂ ಕೇಳಲಿಲ್ಲ. ಕೇಳಿದರೆ ನನಗೆ ಬೇಕಾದ ಉತ್ತರವನ್ನೇ ಮರ್ಯಾದೆಗೆ ಕೊಟ್ಟಾರು ಎಂಬ ಭಯ. ಸುಮ್ಮನೆ ಹಟ್ಟಿಯ ಬಲೆಯ ಹೊರಗೆ ನಿಂತು, ಕುರಿಗಳು ಒಳಗೆ ಹೋಗುವಾಗ ಕಿವಿಗಳನ್ನು ನೋಡಿದೆ. ಬಹಳಷ್ಟಕ್ಕೆ ಅವರದೇ ಗುರುತು, ದುಂಡನೆಯ ತೂತು. ಮೂರು ಕುರಿಗಳ ಎಡಗಿವಿಯ ತುದಿ ಮಾತ್ರ ಸೀಳಿತ್ತು. ಅವು ಯಾರವು ಎಂದು ಆಗ ಕೇಳಿದೆ. ನಿಮ್ಮ ಕಾಕಾನ ಪಾಲಿನವು, ಇವುಗಳ ಮರಿಗೂ ಅದೇ ಕೊಯ್ತ ಹಾಕುತ್ತೇವೆ, ನಿಮ್ಮ ಮನೆಯವರು ಯಾರೂ ಕೇಳಿಕೊಂಡು ಬರಲಿಲ್ಲ ಎಂದ ಆ ಮಗ. ಒಂದನ್ನು ಹಿಡಿಸಿ ಕಿವಿಯನ್ನು ಕೈಯಿಂದ ಮುಟ್ಟಿ ನೋಡಿದೆ. ಸೀಳು ಎಡಕ್ಕೇ ಇತ್ತು.